ತಂತಿ ಮೊದಲು, ಮರ ಆಮೇಲೆ

ಹಿಂದಿನ ಸಂಚಿಕೆಯಲ್ಲಿ ಮಾತಿನ ನಡುವೆ ಎಂಟು ತಂತಿ ಬೇಸ್ ಗಿಟಾರ್ (ಕೆಳ ಸ್ವರಗಳನ್ನು ನುಡಿಸುವ ಗಿಟಾರ್) ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿದ್ದು ನೋಡಿ ತುಂಬಾ ಖುಷಿಯಾಯಿತು. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಒಂದೇ ತರದ ಪ್ರಶ್ನೆಗಳಿದ್ದರೆ ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ಒಂದು ಎಂಟು ತಂತಿ ಬೇಸ್ ಮಾಡಿಸಬೇಕು ಅಂತ ಬಹಳ ದಿನದ ಆಸೆ. ಆದರೆ ಕೇಳಿದ ಒಬ್ಬೊಬ್ಬರೂ ಒಂದೊಂದು ತರ ವಿವರಿಸುತ್ತಾರೆ. ನಿಜವಾಗಿ ಎಂಟು ತಂತಿ ಬೇಸ್ ಅಂದರೆ ಯಾವುದು? ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರು ಯಾರೂ ತಪ್ಪು ಹೇಳಿಲ್ಲ. ಒಂದೇ ಹೆಸರಿನಲ್ಲಿ ಎರಡು ವಾದ್ಯಗಳಿವೆ.

ಮೊದಲನೆಯದು ಜೋಡಿ ತಂತಿಯದು. ಮಾಮೂಲಿ ಬೇಸಿನ ಇ, ಎ, ಡಿ, ಜಿ ಸ್ವರದ ನಾಲ್ಕೂ ತಂತಿ ಇರುತ್ತವೆ. ಒಂದೊಂದರ ಪಕ್ಕದಲ್ಲೂ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುತ್ತದೆ. ಬೆರಳು ಎರಡನ್ನೂ ಒಟ್ಟಿಗೆ ಒತ್ತುತ್ತದೆ, ಒಟ್ಟಿಗೆ ಮೀಟುತ್ತದೆ. ಹನ್ನೆರಡು ತಂತಿ ಗಿಟಾರ್ ನೋಡಿದ್ದೀರಲ್ವಾ, ಅದೇ ಉಪಾಯ. ಸ್ವೀಡನ್ನಿನ ವಾದ್ಯ ಕಂಪನಿ ಹಾಗ್‌ಸ್ಟ್ರಾಮ್ 1967ರಲ್ಲಿ ಎಚ್8 ಅನ್ನುವ ಮಾಡೆಲ್ ತಂದಿತು. ಈ ಜಾತಿಯಲ್ಲಿ ಹೆಸರು ಮಾಡಿದ ಹಳೆಯ ವಾದ್ಯ ಅದೇ. ಎಪ್ಪತ್ತರ ದಶಕದ ಕೊನೆಗೆ ಅಮೆರಿಕದ ಗಿಟಾರ್ ಕಂಪನಿ ಹ್ಯಾಮರ್‌ನವರು ಒಂದು ದಪ್ಪ ತಂತಿಗೆ ಎರಡೆರಡು ತೆಳು ತಂತಿ ಸೇರಿಸಿ ಹನ್ನೆರಡು ತಂತಿ ಬೇಸ್ ಮಾಡಿದರು. ಚೀಪ್ ಟ್ರಿಕ್ ಬ್ಯಾಂಡಿನ ಟಾಮ್ ಪೀಟರ್ಸನ್ ಕೈಯಲ್ಲಿ ಅದು ಊರೆಲ್ಲ ಗೊತ್ತಾಯಿತು.

ಎರಡನೆಯದರಲ್ಲಿ ಎಂಟೂ ಬೇರೆ ಬೇರೆ ಸ್ವರ. ಕೆಳಗಿನಿಂದ ಎಫ್ ಶಾರ್ಪ್, ಬಿ, ಇ, ಎ, ಡಿ, ಜಿ, ಸಿ, ಎಫ್. ಅತಿ ಕೆಳಗಿನ ತಂತಿ ಸೆಕೆಂಡಿಗೆ 23 ಸಲ ಮಾತ್ರ ಕಂಪಿಸುತ್ತದೆ. ಮೇಲಿನದು 175ರ ಹತ್ತಿರ. ಜೋಡಿ ತಂತಿಯದಕ್ಕೆ ನಟ್ (ತಲೆಯ ಕಡೆ ತಂತಿಗಳು ಕೂರುವ ಗೀರುಪಟ್ಟಿ) ಹತ್ತಿರ 46 ಮಿ.ಮೀ. ಅಗಲ ಸಾಕು. ಇದಕ್ಕೆ 70 ಮಿ.ಮೀ. ಹತ್ತಿರ ಬೇಕು, ಅಂದರೆ ಅಂಗೈಯಷ್ಟು ಅಗಲದ ಕತ್ತು. ಎರಡಕ್ಕೂ ಕೈ ಓಡುವ ರೀತಿಯೇ ಬೇರೆ. ಮೊದಲು ಇದನ್ನು ತೀರ್ಮಾನ ಮಾಡಿ. ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜೋಡಿ ತಂತಿಯದರ ಬಗ್ಗೆಯೇ ಇವೆ. ಹಾಗಾಗಿ ಮುಂದಿನ ಮಾತೂ ಅದರದ್ದೇ.

ಎಲ್ಲಿಂದ ಶುರು ಅಂದಿರಿ. ವಾದ್ಯ ಮಾಡಿಸಲು ನನ್ನ ಬಳಿ ಬರುವವರು ಮೊದಲು ಕೇಳುವುದು ಮರದ ಬಗ್ಗೆ. ಯಾವ ಮರ, ಯಾವ ಬಣ್ಣ, ಮೇಲ್ಮೈ ಹೊಳಪಿರಲಾ ಮಾಸಲಿರಲಾ. ನಾನು ಅವರನ್ನು ಕೂರಿಸಿ ಮೊದಲು ತಂತಿ ಆರಿಸಿ ಅನ್ನುತ್ತೇನೆ. ಎಂಟು ತಂತಿಯ ಎಳೆತ ಎಷ್ಟು ಅಂತ ಗೊತ್ತಾಗದೆ ಕತ್ತಿನ ದಪ್ಪ ಹೇಳಲಾಗದು, ಬುಡದಲ್ಲಿ ತಂತಿ ಹಿಡಿಯುವ ಬ್ರಿಡ್ಜ್ ಹೇಳಲಾಗದು, ಏನೂ ಹೇಳಲಾಗದು.

ಲೆಕ್ಕ ಸುಲಭ ಇದೆ. ಉದ್ದ ಅದೇ ಇದ್ದು, ಎಳೆತವೂ ಅದೇ ಇರಬೇಕು ಅಂದರೆ, ಆಕ್ಟೇವ್ ಮೇಲಿನ ತಂತಿಯ ತೂಕ ನಾಲ್ಕನೇ ಒಂದು ಪಾಲು ಆಗಬೇಕು. ಅಂದರೆ ದಪ್ಪ ಅರ್ಧ. ಮಾಮೂಲಿ ಸೆಟ್ 45, 65, 85, 105. ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ ಇದು. ಅದರಲ್ಲಿ ಅರ್ಧ ಮಾಡಿ, ಸ್ವಲ್ಪ ಇಳಿಸಿಕೊಳ್ಳಿ. 105ಕ್ಕೆ 50, 85ಕ್ಕೆ 40, 65ಕ್ಕೆ 30, 45ಕ್ಕೆ 20. ಸ್ವಲ್ಪ ಇಳಿಸಿ ಅಂದಿದ್ದು ಯಾಕೆಂದರೆ ಕತ್ತಿಗೆ ಅಷ್ಟಾದರೂ ಭಾರ ಕಡಿಮೆಯಾಗಲಿ ಅಂತ. 34 ಇಂಚು ಸ್ಕೇಲಿನ, ಅಂದರೆ ನಟ್ಟಿನಿಂದ ಬ್ರಿಡ್ಜಿನವರೆಗೆ ಅಷ್ಟು ಉದ್ದದ, ನಾಲ್ಕು ತಂತಿ ಸುಮಾರು 80 ಕಿಲೋ ಎಳೆಯುತ್ತವೆ. ಎಂಟು ಹಾಕಿದರೆ 150 ಕಿಲೋ ಹತ್ತಿರ ಬರುತ್ತದೆ. ಇಬ್ಬರು ದೊಡ್ಡವರು ಕತ್ತಿನ ತುದಿ ಹಿಡಿದು ಹಗಲೂ ರಾತ್ರಿ ಜಗ್ಗುತ್ತಿದ್ದಾರೆ ಅಂದುಕೊಳ್ಳಿ. ಆ ಲೆಕ್ಕ ಕೈಯಲ್ಲಿಟ್ಟುಕೊಂಡು ಮರದ ಅಂಗಡಿಗೆ ಹೋಗಿ.

ಪ್ರಶ್ನೆ: ಅಕ್ಕಾ, ನನ್ನ ಹತ್ತಿರ ಒಳ್ಳೆಯ ನಾಲ್ಕು ತಂತಿ ಬೇಸ್ ಇದೆ. ಹೊಸದು ಮಾಡಿಸುವ ಬದಲು ಇದಕ್ಕೇ ಇನ್ನು ನಾಲ್ಕು ಟ್ಯೂನರ್ (ತಂತಿ ಬಿಗಿಯುವ ತಿರುಗಣೆ) ಕೂರಿಸಿ ಎಂಟು ತಂತಿ ಮಾಡಬಹುದಾ?

ಉತ್ತರ: ತೂತು ಕೊರೆಯುವ ಮೊದಲು ನಟ್ ಹತ್ತಿರ ಕತ್ತಿನ ಅಗಲ ಅಳೆಯಿರಿ. ಆಮೇಲೆ ನನ್ನ ಜೊತೆ ಕೂತು ಈ ಲೆಕ್ಕ ಮಾಡಿ.

ಮೇಲೆ ಹೇಳಿದ ಎಂಟು ತಂತಿಗಳನ್ನು ಪಕ್ಕ ಪಕ್ಕ ಅಂಟಿಸಿಟ್ಟರೆ ಅವುಗಳ ದಪ್ಪವೇ 11 ಮಿ.ಮೀ. ಆಗುತ್ತದೆ. ಜೋಡಿಯೊಳಗೆ ತಂತಿಗೂ ತಂತಿಗೂ ನಡುವೆ ಕನಿಷ್ಠ 2 ಮಿ.ಮೀ. ಸಂದು ಬೇಕು. ನಾಲ್ಕು ಜೋಡಿಗೆ 8. ಎರಡೂ ಅಂಚಿನಲ್ಲಿ ಮೂರೂವರೆ ಮಿ.ಮೀ. ಬಿಡಬೇಕು, ಇಲ್ಲದಿದ್ದರೆ ತಂತಿ ಫ್ರೆಟ್ (ಕತ್ತಿಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ತುದಿಯಿಂದ ಜಾರಿ ಬೀಳುತ್ತದೆ. ಅದು 7. ಒಟ್ಟು 26 ಆಯಿತು. ಕತ್ತು 38 ಮಿ.ಮೀ. ಇದ್ದರೆ ಉಳಿಯುವುದು 12. ಜೋಡಿಗೂ ಜೋಡಿಗೂ ನಡುವಿನ ಮೂರು ಸಂದಿಗೆ ಹಂಚಿದರೆ ತಲಾ 4 ಮಿ.ಮೀ. ಬೆರಳು ಒಂದು ಜೋಡಿ ಒತ್ತಿದರೆ ಪಕ್ಕದ ಜೋಡಿಗೂ ತಾಗುತ್ತದೆ. 42 ಇದ್ದರೆ ಐದೂ ಕಾಲರಷ್ಟು ಸಿಗುತ್ತದೆ, ಹೇಗೋ ನುಡಿಸಬಹುದು. 46 ಇದ್ದರೆ ಆರೂವರೆ ಮೀರುತ್ತದೆ. ಆಗ ಕೈಗೆ ಹಾಯೆನಿಸುತ್ತದೆ.

ನೋಡಿ, ಎಲ್ಲವನ್ನೂ ತಂತಿಯ ಅಂಚಿನಿಂದ ಅಂಚಿಗೆ ಅಳೆದೆ. ನಡುಗೆರೆಯಿಂದ ನಡುಗೆರೆಗೆ ಸಮ ಮಾಡಿದರೆ ದಪ್ಪ ತಂತಿಗಳು ಒತ್ತೊತ್ತಾಗಿ, ತೆಳು ತಂತಿಗಳು ದೂರ ದೂರ ಕೂತಂತೆ ಆಗುತ್ತದೆ. ಎಷ್ಟೋ ವಾದ್ಯಗಳಲ್ಲಿ ನಾನು ಇದೇ ತಪ್ಪು ನೋಡಿದ್ದೇನೆ. ಮೂಳೆಯ ನಟ್ ಕೊರೆಯುವ ಮೊದಲು ನಾನೊಂದು ಕೆಲಸ ಮಾಡುತ್ತೇನೆ. ಅದೇ ಅಳತೆಯ ಮೆತ್ತನೆ ಮರದ ತುಂಡಿನಲ್ಲಿ ಎಂಟು ಗೀರು ಹಾಕಿ, ನಟ್ ಜಾಗದಲ್ಲಿ ಕೂರಿಸಿ, ತಂತಿಗಳನ್ನು ಸಡಿಲವಾಗಿ ಎಳೆದು, ನುಡಿಸುವವರ ಕೈಗೆ ಕೊಡುತ್ತೇನೆ. ಬೆರಳು ಇಟ್ಟ ತಕ್ಷಣ ಅವರ ಮುಖದಲ್ಲೇ ಗೊತ್ತಾಗುತ್ತದೆ. ಅರ್ಧ ಮಿ.ಮೀ. ಆಚೀಚೆ ಮಾಡಬೇಕಾದರೆ ಇನ್ನೊಂದು ತುಂಡು ತಗೊಳ್ಳುತ್ತೇನೆ. ಮರದ ತುಂಡು ಹೋದರೆ ಹೋಗಲಿ, ಮೂಳೆ ಹಾಳಾಗಬಾರದು. ಅಕ್ಕಪಕ್ಕದ ಎರಡು ಗೀರುಗಳ ನಡುವಿನ ಮೂಳೆಯ ಗೋಡೆ ತೆಳುವಾದರೆ ಅರ ಆಡಿಸುವಾಗಲೇ ಚಕ್ಕೆ ಏಳುತ್ತದೆ.

ಅಗಲ ಸರಿಯಿದ್ದರೂ ಎಳೆತದ ಮಾತು ಇದ್ದೇ ಇದೆ. ನಾಲ್ಕು ತಂತಿಗೆ ಮಾಡಿದ ಕತ್ತಿನ ಮೇಲೆ ಎರಡು ಪಟ್ಟು ಭಾರ ಹಾಕಬೇಡಿ ಅಂತಲೇ ನಾನು ಹೇಳುವುದು. ನೀವು ನಿಜಕ್ಕೂ ಮಾರ್ಪಾಡು ಮಾಡಬೇಕು ಅಂದರೆ ಐದು ತಂತಿ ಬೇಸ್ ಒಂದನ್ನು ಹುಡುಕಿ. ಅದರ ನಟ್ 45ರಿಂದ 47 ಮಿ.ಮೀ. ಇರುತ್ತದೆ, ಕತ್ತು ನೂರು ಕಿಲೋ ಎಳೆತಕ್ಕೆ ಒಗ್ಗಿರುತ್ತದೆ, ಟ್ಯೂನರ್ ತೂತು ಐದು ಆಗಲೇ ಇರುತ್ತವೆ. ಅದರ ಮೇಲೆ ಎಂಟು ತಂತಿಯನ್ನು ಒಂದು ಪೂರ್ತಿ ಸ್ವರ ಇಳಿಸಿ, ಡಿ, ಜಿ, ಸಿ, ಎಫ್‌ಗೆ ಶ್ರುತಿ ಮಾಡಿ. ಎಳೆತ ಕಂಪನದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಅಷ್ಟಕ್ಕೇ ಐದರಲ್ಲಿ ಒಂದು ಪಾಲು ಭಾರ ಕಡಿಮೆಯಾಗುತ್ತದೆ. 30 ಇಂಚಿನ ಗಿಡ್ಡ ಸ್ಕೇಲ್ ಬೇಸ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದೇ ತಂತಿ, ಅದೇ ಸ್ವರ, ಆದರೆ ಎಳೆತ ನೂರಕ್ಕೆ 22ರಷ್ಟು ಕಡಿಮೆ. ಹಾಗ್‌ಸ್ಟ್ರಾಮ್ ಎಚ್8 ಕೂಡ ಗಿಡ್ಡ ಸ್ಕೇಲಿನದೇ.

ನಿಮ್ಮ ನಾಲ್ಕು ತಂತಿಯದು ಒಳ್ಳೆಯದು ಅಂದಿದ್ದೀರಿ. ಅದು ಹಾಗೇ ಇರಲಿ ಬಿಡಿ.

ಪ್ರಶ್ನೆ: ಕತ್ತಿಗೆ ಒಂದೇ ಮರದ ತುಂಡು ಚೆನ್ನಾಗಿ ಕಾಣುತ್ತದೆ. ಐದು ಪಟ್ಟಿ ಅಂಟಿಸಿ ಮಾಡಿ ಅಂತ ಒಬ್ಬರು ಹೇಳಿದರು. ಎರಡು ಟ್ರಸ್ ರಾಡ್ (ಕತ್ತಿನೊಳಗೆ ಕೂತು ಬಾಗು ಸರಿ ಮಾಡುವ ಸರಳು) ಬೇರೆ ಹಾಕಬೇಕಂತೆ. ಇದೆಲ್ಲ ನಿಜವಾಗಿ ಬೇಕಾ?

ಉತ್ತರ: ಪಟ್ಟಿ ಬೇಕು. ಎರಡು ರಾಡ್ ಮಾತ್ರ ಎಲ್ಲದಕ್ಕೂ ಬೇಡ. ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ.

ನಾನು ಮಾಡಿದ ಮೊದಲ ಎಂಟು ತಂತಿ ಬೇಸಿನ ಕತ್ತು ಒಂದೇ ತುಂಡು ಮೇಪಲ್. ಮರದ ಉಂಗುರಗಳು ಫ್ರೆಟ್‌ಬೋರ್ಡಿಗೆ ಸಮಾನಾಂತರವಾಗಿ ಮಲಗಿದ್ದವು. ನೋಡಲು ಬಹಳ ಚೆಂದ ಇತ್ತು. ಒಂದು ಟ್ರಸ್ ರಾಡ್ ಹಾಕಿದ್ದೆ. ಅಪ್ಪ ಬಡಗಿ. ಕೊಯ್ದ ಮರವನ್ನು ಸ್ವಲ್ಪ ದಿನ ಸುಮ್ನೆ ಮಲಗಿಸು, ಅದು ತಿರುಗುವಷ್ಟು ತಿರುಗಲಿ, ಆಮೇಲೆ ಕೀಸು ಅಂತ ಹೇಳುತ್ತಿದ್ದರು. ನನಗೆ ಅವಸರ. ಒರಟಾಗಿ ಕೊಯ್ದ ಎರಡನೇ ದಿನಕ್ಕೇ ಕತ್ತು ರೂಪಿಸಿದೆ.

ತಂತಿ ಏರಿಸಿದ ವಾರದಲ್ಲೇ ಕತ್ತು ಬಾಗತೊಡಗಿತು. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ 0.3 ಮಿ.ಮೀ. ಇರಬೇಕಾದ ಸಂದು ಒಂದು ಮಿ.ಮೀ. ದಾಟಿತು. ರಾಡ್ ಬಿಗಿದೆ, ಬಿಗಿದೆ, ಕೊನೆಗೆ ಅದು ತಿರುಗುವುದೇ ನಿಂತಿತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬುಡದಿಂದ ತಲೆಯ ಕಡೆ ನೋಡಿದೆ. ಮೊದಲ ಫ್ರೆಟ್‌ನ ಗೆರೆ ಒಂದು ಕಡೆ ವಾಲಿತ್ತು, ಕೊನೆಯ ಫ್ರೆಟ್‌ನ ಗೆರೆ ಇನ್ನೊಂದು ಕಡೆ. ಕತ್ತು ತಿರುಚಿಕೊಂಡಿತ್ತು. ನಡುವಿನ ಒಂದು ರಾಡ್ ಬಾಗನ್ನು ಸರಿ ಮಾಡಬಹುದು, ತಿರುಚನ್ನು ಸರಿ ಮಾಡಲಾರದು.

ಫ್ರೆಟ್‌ಬೋರ್ಡ್ ಬಿಚ್ಚಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಒದ್ದೆ ಬಟ್ಟೆ ಹಾಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಕಾಯಿಸಿ, ಅಂಟು ಮೆತ್ತಗಾದ ಜಾಗದಲ್ಲಿ ತೆಳು ಚಾಕು ತೂರಿಸುತ್ತಾ, ಒಂದೊಂದು ಬೆರಳಿನಷ್ಟು ಮುಂದೆ ಹೋಗಬೇಕು. ಬಿಸಿ ಅಂಟಿನ ವಾಸನೆ ಕೋಣೆಯೆಲ್ಲ ತುಂಬಿತ್ತು. ಅವಸರ ಮಾಡಿದರೆ ಬೋರ್ಡ್ ಸೀಳುತ್ತದೆ. ಬಿಚ್ಚಿ, ವಾರಗಟ್ಟಲೆ ಹಾಗೇ ಬಿಟ್ಟೆ. ಆಮೇಲೆ ಕತ್ತಿನ ಮುಖವನ್ನು ಕೀಸುಳಿಯಿಂದ ಮತ್ತೆ ಮಟ್ಟ ಮಾಡಿ, ರಾಡ್‌ನ ಎರಡೂ ಪಕ್ಕ ಉದ್ದಕ್ಕೆ ಕಾಲುವೆ ತೋಡಿ, ಕಾರ್ಬನ್ ಫೈಬರ್ ಪಟ್ಟಿ ಕೂರಿಸಿ, ಬೋರ್ಡ್ ಅಂಟಿಸಿದೆ. ಆ ಬೇಸ್ ಈಗಲೂ ನನ್ನ ಹತ್ತಿರ ಇದೆ. ಸಂದು 0.3ರಲ್ಲೇ ನಿಂತಿದೆ.

ಪಟ್ಟಿ ಅಂಟಿಸುವುದು ಅಂದಕ್ಕಲ್ಲ. ಮೂರು ಮೇಪಲ್ ಪಟ್ಟಿ, ನಡುವೆ ಎರಡು ವೆಂಗೆ ಅಥವಾ ಬೀಟೆ ಪಟ್ಟಿ. ಒಂದೊಂದು ಪಟ್ಟಿಯನ್ನೂ ಅದರ ಪಕ್ಕದ್ದಕ್ಕೆ ನಾರು ವಿರುದ್ಧ ಓಡುವಂತೆ ತಿರುಗಿಸಿ ಅಂಟಿಸಿದರೆ, ಒಂದು ಒಂದು ಕಡೆ ತಿರುಚಲು ಹೋದಾಗ ಇನ್ನೊಂದು ತಡೆಯುತ್ತದೆ. ಉಂಗುರಗಳು ಬೋರ್ಡಿಗೆ ನೆಟ್ಟಗೆ ನಿಂತಿರುವ ಮರವನ್ನೇ ಆರಿಸಿ. ಒಳಗಿನ ತೇವ ನೂರಕ್ಕೆ 8ರಿಂದ 10 ಇರಲಿ, ಅದನ್ನು ತೇವದ ಮೀಟರ್‌ನಲ್ಲಿ ನೋಡಿಯೇ ತಗೊಳ್ಳಿ.

ರಾಡ್ ವಿಷಯಕ್ಕೆ ಬಂದರೆ, ಜೋಡಿ ತಂತಿಯ 46 ಮಿ.ಮೀ. ಕತ್ತಿಗೆ ಎರಡೂ ದಿಕ್ಕಿಗೆ ತಿರುಗುವ ಒಂದು ಒಳ್ಳೆಯ ರಾಡ್, ಅದರ ಎರಡು ಪಕ್ಕ ಕಾರ್ಬನ್ ಪಟ್ಟಿ ಇದ್ದರೆ ಸಾಕು. 70 ಮಿ.ಮೀ. ಅಗಲದ ಕತ್ತಿಗೆ ಮಾತ್ರ ಎರಡು ರಾಡ್ ಹಾಕಿ. ಬೇಸ್ ಕಡೆಗೂ (ಕೆಳ ಸ್ವರದ ತಂತಿಗಳ ಕಡೆ) ಟ್ರೆಬಲ್ ಕಡೆಗೂ (ಮೇಲಿನ ಸ್ವರದ ಕಡೆ) ಬೇರೆ ಬೇರೆ ಹೊಂದಿಸಿಕೊಳ್ಳಬಹುದು. ಯಾವುದೇ ಇರಲಿ, ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ. ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಅಳೆದು ನೋಡಿ.

ಪ್ರಶ್ನೆ: ನನ್ನ ಎಂಟು ತಂತಿ ಬೇಸ್ ಕೊರಳಿಗೆ ಹಾಕಿಕೊಂಡರೆ ತಲೆ ನೆಲದ ಕಡೆ ವಾಲುತ್ತದೆ. ಎಡಗೈ ಅದನ್ನು ಹಿಡಿಯುವುದರಲ್ಲೇ ಸೋಲುತ್ತದೆ.

ಉತ್ತರ: ಎಂಟೂ ದಪ್ಪ ಬೇಸ್ ಟ್ಯೂನರ್ ಹಾಕಿದ್ದಾರೆ ಅನಿಸುತ್ತದೆ. ತೆಳು ತಂತಿಗಳಿಗೆ ಅದು ಬೇಡವೇ ಬೇಡ. ಆ ನಾಲ್ಕಕ್ಕೆ ಮಾಮೂಲಿ ಗಿಟಾರ್ ಟ್ಯೂನರ್ ಸಾಕು, 50ರ ತಂತಿ ಕೂಡ ಅದರ ತೂತಿನಲ್ಲಿ ಹೋಗುತ್ತದೆ. ಹಳೆಯ ದೊಡ್ಡ ತೂತನ್ನು ಅದೇ ಮರದ ಬಿರಡೆಯಿಂದ ಮುಚ್ಚಿ, ಅಂಟು ಒಣಗಿದ ಮೇಲೆ 10 ಮಿ.ಮೀ. ತೂತು ಹೊಸದಾಗಿ ಕೊರೆಯಿರಿ. ದಪ್ಪ ತಂತಿಯ ಟ್ಯೂನರ್‌ಗಳಿಗೂ ಹಗುರ ಮಾಡೆಲ್ ಸಿಗುತ್ತವೆ. ಬೆಲ್ಟಿನ ಮುಂದಿನ ಗುಂಡಿ ಹನ್ನೆರಡನೇ ಫ್ರೆಟ್ ನೇರಕ್ಕೆ ಬರುವಷ್ಟು ವಾದ್ಯದ ಮೈಯ ಮೇಲಿನ ಕೊಂಬು ಉದ್ದ ಇದ್ದರೆ ವಾದ್ಯ ತಾನಾಗಿ ಸಮ ನಿಲ್ಲುತ್ತದೆ. ಹೊಸದು ಮಾಡಿಸುವವರು ಇದನ್ನು ಕಾಗದದ ಮೇಲೇ ನೋಡಿಕೊಳ್ಳಿ. ಆಮೇಲೆ ಕೊಂಬು ಬೆಳೆಸಲಾಗದು.

ಒಂದು ಎಚ್ಚರ. ತೆಳು ತಂತಿಗೆ ಗಿಟಾರ್ ಸೆಟ್‌ನಿಂದ ಬಿಡಿ ತಂತಿ ತೆಗೆದು ಹಾಕುವವರಿದ್ದಾರೆ. 34 ಇಂಚು ಸ್ಕೇಲಿನಲ್ಲಿ ಅದು ದೂರದ ಟ್ಯೂನರ್ ಮುಟ್ಟದೇ ಹೋಗಬಹುದು. ಬ್ರಿಡ್ಜ್ ಹಿಂಭಾಗದಿಂದ ಟ್ಯೂನರ್‌ವರೆಗೆ ದಾರ ಹಿಡಿದು ಅಳೆದು, ಸುತ್ತಲು ಇನ್ನೂ ನಾಲ್ಕು ಬೆರಳು ಸೇರಿಸಿ, ಆಮೇಲೆ ತಗೊಳ್ಳಿ.

ಪ್ರಶ್ನೆ: ಖಾಲಿ ತಂತಿ ಮೀಟಿದರೆ ಜೋಡಿಗಳು ಸರಿಯಾಗಿ ಸೇರುತ್ತವೆ. ಐದನೇ ಫ್ರೆಟ್ ದಾಟಿದ ಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ತಂತಿ ಬದಲಿಸಿದೆ, ಸರಿಹೋಗಲಿಲ್ಲ.

ಉತ್ತರ: ಬ್ರಿಡ್ಜ್ ನೋಡಿ. ಎರಡು ತಂತಿಗೆ ಒಂದೇ ಸ್ಯಾಡಲ್ (ತಂತಿ ಕೂರುವ ಲೋಹದ ತುಂಡು) ಇದೆ ಅಲ್ವಾ? ತೊಂದರೆ ಅಲ್ಲೇ ಇದೆ.

ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಅದು ಸ್ವಲ್ಪ ಹಿಗ್ಗಿ ಶ್ರುತಿ ಏರುತ್ತದೆ. ದಪ್ಪ ತಂತಿಗೆ ಬಿಗಿತ ಜಾಸ್ತಿ, ಅದು ಇನ್ನೂ ಏರುತ್ತದೆ. ಇದನ್ನು ಸರಿದೂಗಿಸಲು ದಪ್ಪ ತಂತಿಯ ಸ್ಯಾಡಲ್ ಹಿಂದೆ ಇರಬೇಕು, ತೆಳು ತಂತಿಯದು ಕತ್ತಿನ ಕಡೆಗೆ ಮುಂದೆ ಇರಬೇಕು. ಇವೆರಡರ ನಡುವೆ ಎರಡು ಮೂರು ಮಿ.ಮೀ. ವ್ಯತ್ಯಾಸ ಸಾಮಾನ್ಯ. ಒಂದೇ ಸ್ಯಾಡಲ್ ಇಬ್ಬರಿಗೂ ನ್ಯಾಯ ಮಾಡಲಾರದು. ಹೊಸದು ಮಾಡಿಸುವವರು ಎಂಟು ಬೇರೆ ಬೇರೆ ಸ್ಯಾಡಲ್ ಇರುವ ಬ್ರಿಡ್ಜ್‌ಗೇ ಹಟ ಹಿಡಿಯಿರಿ. ಬೇರೆ ಕಡೆ ಉಳಿತಾಯ ಮಾಡಿ, ಇಲ್ಲಿ ಬೇಡ.

ನಿಮ್ಮ ಬ್ರಿಡ್ಜ್ ಬದಲಿಸಲು ಆಗದಿದ್ದರೆ, ಸ್ಯಾಡಲ್ ಹಿತ್ತಾಳೆಯದಾಗಿದ್ದರೆ, ಒಂದು ದಾರಿ ಇದೆ. ಮೊದಲು ಸ್ಯಾಡಲ್ ಅನ್ನು ತೆಳು ತಂತಿಗೆ ಸರಿಯಾಗುವಂತೆ ಕೂರಿಸಿ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ, ಅಲ್ಲೇ ಸುಮ್ನೆ ಬೆರಳು ಮುಟ್ಟಿಸಿದ ಹಾರ್ಮೋನಿಕ್ ಎರಡೂ ಒಂದಾಗಬೇಕು. ಈಗ ದಪ್ಪ ತಂತಿಯ ಗೀರಿನಲ್ಲಿ ಮುಂಭಾಗದ ಹಿತ್ತಾಳೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆಯುತ್ತಾ ಬನ್ನಿ. ತಂತಿ ಕೂರುವ ತುದಿ ಹಿಂದೆ ಹಿಂದೆ ಸರಿಯುತ್ತದೆ. ನಾಲ್ಕು ಸಲ ಉಜ್ಜಿ, ತಂತಿ ಏರಿಸಿ, ಕೇಳಿ. ಮತ್ತೆ ನಾಲ್ಕು ಸಲ. ಜಾಸ್ತಿ ತೆಗೆದರೆ ಹಿತ್ತಾಳೆ ವಾಪಸ್ ಬರುವುದಿಲ್ಲ. ಹೀಗೆ ಮಾಡಿದ ಸ್ಯಾಡಲ್ ಪಕ್ಕದಿಂದ ನೋಡಿದರೆ ಎರಡು ಮೆಟ್ಟಿಲಿನ ತರ ಕಾಣುತ್ತದೆ. ಸೆಟ್‌ನ ಅಳತೆ ಬದಲಿಸಿದರೆ ಮಾತ್ರ ಮತ್ತೆ ನೋಡಬೇಕಾಗುತ್ತದೆ. ಹಾಗಾಗಿ ಒಂದು ಸೆಟ್‌ಗೆ ಅಂಟಿಕೊಳ್ಳಿ.

ಇದೇ ಪತ್ರದಲ್ಲಿ ಇನ್ನೊಂದು ಮಾತು ಕೇಳಿದ್ದೀರಿ, ಬೆರಳು ದಪ್ಪ ತಂತಿಯನ್ನು ಒತ್ತುತ್ತದೆ, ತೆಳುವಿಗೆ ಎಟುಕುವುದೇ ಇಲ್ಲ ಅಂತ. 105ರ ಪಕ್ಕ 50ರ ತಂತಿ ಇಟ್ಟರೆ, ಕೆಳಭಾಗ ಸಮ ಇದ್ದಾಗ ತೆಳು ತಂತಿಯ ಮೇಲ್ಭಾಗ 1.4 ಮಿ.ಮೀ. ತಗ್ಗಿನಲ್ಲಿರುತ್ತದೆ. ಬ್ರಿಡ್ಜ್‌ನಲ್ಲಿ ತೆಳು ತಂತಿಯನ್ನು ಅರ್ಧ ಮಿ.ಮೀ.ಯಷ್ಟು ಎತ್ತಿ. ನಟ್ ಹತ್ತಿರ ಮಾತ್ರ ಕೆಳಭಾಗ ಸಮವಾಗಿಯೇ ಇರಲಿ, ಅಲ್ಲಿ ಎತ್ತಿದರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಶ್ರುತಿ ಏರುತ್ತದೆ.

ಪ್ರಶ್ನೆ: ತೆಳು ತಂತಿ ಮೇಲಿರಬೇಕಾ, ದಪ್ಪ ತಂತಿ ಮೇಲಿರಬೇಕಾ?

ಉತ್ತರ: ಪಿಕ್‌ನಲ್ಲಿ ಕೆಳಮುಖವಾಗಿ ಹೊಡೆಯುವವರಿಗೆ ಹೆಬ್ಬೆರಳ ಕಡೆ ಇರುವ ತಂತಿ ಮೊದಲು ನುಡಿಯುತ್ತದೆ. ಅಲ್ಲಿ ತೆಳು ತಂತಿ ಇದ್ದರೆ ಒಂದೊಂದು ಸ್ವರವೂ ಮಿಂಚಿ ಶುರುವಾಗುತ್ತದೆ. ಬೆರಳಿನಲ್ಲಿ ಮೀಟುವವರದು ಉಲ್ಟಾ, ಅವರ ಬೆರಳು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ನಾನು ಬೆರಳಲ್ಲೇ ನುಡಿಸುವವಳು. ನನಗೆ ದಪ್ಪ ತಂತಿ ಮೊದಲು ಸಿಗಬೇಕು, ಬುಡ ಗಟ್ಟಿಯಾಗಿ ಕೇಳಬೇಕು. ಅದಕ್ಕೇ ನನ್ನದರಲ್ಲಿ ತೆಳು ತಂತಿ ಮೇಲಿದೆ. ನಟ್ ಕೊರೆಯುವ ಮೊದಲೇ ತೀರ್ಮಾನಿಸಿ, ಆಮೇಲೆ ಬದಲಿಸಬೇಕು ಅಂದರೆ ಹೊಸ ನಟ್ಟೇ ಬೇಕು.

ಪ್ರಶ್ನೆ: ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಯಾವುದು ಹಾಕಲಿ? ಈಗಿರುವುದರಲ್ಲಿ ಜಿ ಜೋಡಿಯ ತೆಳು ತಂತಿ ಕಿವಿಗೆ ಚುಚ್ಚುತ್ತದೆ, ಇ ಜೋಡಿಯದು ಕೇಳುವುದೇ ಇಲ್ಲ.

ಉತ್ತರ: ಈಗಿರುವುದು ಗುಂಡು ಗುಂಡಾದ ಬಿಡಿ ಕಂಬಗಳಿರುವ ಪಿಕಪ್ ಇರಬೇಕು. ನಾಲ್ಕು ತಂತಿಗೆ ಅಂತ ಜೋಡಿಸಿದ ಕಂಬಗಳ ಮೇಲೆ ಎಂಟು ತಂತಿ ಎಳೆದರೆ, ಕೆಲವು ಕಂಬದ ಮೇಲೆ ಬರುತ್ತವೆ, ಕೆಲವು ಸಂದಿಗೆ ಬೀಳುತ್ತವೆ. ಈ ಕಡೆಯಿಂದ ಆ ಕಡೆಗೆ ಒಂದೇ ಉದ್ದ ಪಟ್ಟಿ ಇರುವ ಪಿಕಪ್ ಹಾಕಿ. ತಂತಿ ಎಲ್ಲಿದ್ದರೂ ಅದರ ಕೆಳಗೆ ಕಬ್ಬಿಣ ಇರುತ್ತದೆ. ಎರಡು ಸುರುಳಿಯದಾದರೆ ಹಮ್ ಶಬ್ದವೂ ಇರುವುದಿಲ್ಲ.

ಅದಕ್ಕೂ ಮೊದಲು ಸ್ಕ್ರೂಡ್ರೈವರ್ ಹಿಡಿದು ಟ್ರೆಬಲ್ ಕಡೆ ಪಿಕಪ್ಪನ್ನು ಒಂದು ಮಿ.ಮೀ. ಇಳಿಸಿ, ಬೇಸ್ ಕಡೆ ಸ್ವಲ್ಪ ಎತ್ತಿ. ಎಷ್ಟೋ ಸಲ ಅಷ್ಟಕ್ಕೇ ಅರ್ಧ ಜಗಳ ಮುಗಿಯುತ್ತದೆ. ಇನ್ನೊಂದು ಸಣ್ಣ ಬದಲಾವಣೆ ಟೋನ್ ಗುಂಡಿಯ ಕೆಪಾಸಿಟರ್. ಬೇಸ್‌ಗಳಲ್ಲಿ ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್ ಇರುತ್ತದೆ. ಗುಂಡಿ ಇಳಿಸಿದರೆ ತೆಳು ತಂತಿಗಳ ಹೊಳಪು ಪೂರ್ತಿ ಮುಚ್ಚಿಹೋಗುತ್ತದೆ. 0.022 ಹಾಕಿ ನೋಡಿ. ಚುಚ್ಚು ಹೋಗುತ್ತದೆ, ಹೊಳಪು ಉಳಿಯುತ್ತದೆ. ಎರಡು ಬೆಸುಗೆಯ ಕೆಲಸ ಅಷ್ಟೇ.

ಪ್ರಶ್ನೆ: ಆಕ್ಟೇವ್ ಪೆಡಲ್ ಇರುವಾಗ ಇಷ್ಟೆಲ್ಲ ಕಷ್ಟ ಯಾಕೆ?

ಉತ್ತರ: ಪೆಡಲ್ ಒಂದು ಸ್ವರದಿಂದ ಇನ್ನೊಂದನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಎರಡೂ ಒಂದೇ ಕ್ಷಣಕ್ಕೆ ಹುಟ್ಟುತ್ತವೆ, ಒಂದೇ ತರ ಸಾಯುತ್ತವೆ. ನಿಜವಾದ ಎರಡು ತಂತಿ ಹಾಗಲ್ಲ. ಒಂದು ಕೂದಲೆಳೆಯಷ್ಟು ಮುಂಚೆ ನುಡಿಯುತ್ತದೆ, ಒಂದು ಬೇಗ ಆರುತ್ತದೆ, ಶ್ರುತಿ ಎಷ್ಟು ಸರಿಯಿದ್ದರೂ ನಡುವೆ ಒಂದು ನಿಧಾನದ ಅಲೆ ಇರುತ್ತದೆ. ಆ ಅಲೆ ಕೇಳಲೆಂದೇ ನಾನು ಈ ಕೆಲಸಕ್ಕೆ ಬಿದ್ದಿದ್ದು.

ನಿಮಗೆ ಅದು ಬೇಕಾ ಬೇಡವಾ ತಿಳಿಯಲು ವಾದ್ಯಕ್ಕೆ ಒಂದು ಗೀರೂ ಹಾಕದೆ ಪರೀಕ್ಷೆ ಮಾಡಬಹುದು. ನಿಮ್ಮ ನಾಲ್ಕು ತಂತಿ ಬೇಸ್‌ನಲ್ಲಿ ಇ ಮತ್ತು ಎ ಹಾಗೇ ಇರಲಿ. ಡಿ ಜಾಗಕ್ಕೆ 50ರ ತಂತಿ ಹಾಕಿ ಮೇಲಿನ ಇ ಸ್ವರಕ್ಕೆ ಏರಿಸಿ. ಜಿ ಜಾಗಕ್ಕೆ 40ರ ತಂತಿ ಹಾಕಿ ಮೇಲಿನ ಎ ಸ್ವರಕ್ಕೆ. ಹೆಬ್ಬೆರಳು ದಪ್ಪದ್ದನ್ನು, ತೋರುಬೆರಳು ತೆಳುವನ್ನು, ಒಟ್ಟಿಗೆ ಮೀಟಿ. ಒಂದು ವಾರ ಹೀಗೆ ನುಡಿಸಿ. ಬೇಡ ಅನಿಸಿದರೆ ಪೆಡಲ್ ನಿಮಗೆ ಸಾಕು, ಆಸೆ ಇನ್ನೂ ಜಾಸ್ತಿಯಾದರೆ ಮೊದಲ ಪ್ರಶ್ನೆಯ ಉತ್ತರ ಮತ್ತೆ ಓದಿ.

ಪ್ರಶ್ನೆ: ನನ್ನದು ಎಂಟು ಬೇರೆ ಸ್ವರದ ಬೇಸ್, 34 ಇಂಚು. ಕೆಳಗಿನ ಎಫ್ ಶಾರ್ಪ್ ತಂತಿ ಹಗ್ಗದ ತರ ಜೋಲುತ್ತದೆ.

ಉತ್ತರ: 34 ಇಂಚು ಆ ತಂತಿಗೆ ಗಿಡ್ಡ. ಮುಂದೆ ಮಾಡಿಸುವಾಗ ಓರೆ ಫ್ರೆಟ್‌ಗಳದ್ದು ಮಾಡಿಸಿ, ಕೆಳಗಿನ ತಂತಿಗೆ 37 ಇಂಚು, ಮೇಲಿನದಕ್ಕೆ 34. ರಾಲ್ಫ್ ನೊವಾಕ್ 1989ರಲ್ಲಿ ಪೇಟೆಂಟ್ ಪಡೆದ ಬೀಸಣಿಗೆಯಂಥ ಫ್ರೆಟ್ ಜೋಡಣೆ ಇದು. ಅದೇ ತಂತಿ 37 ಇಂಚಿನಲ್ಲಿ ನೂರಕ್ಕೆ 18ರಷ್ಟು ಜಾಸ್ತಿ ಬಿಗಿಯಾಗುತ್ತದೆ. ಈಗಿರುವುದರಲ್ಲಿ ಮಾಡಬಹುದಾದ್ದು ಇನ್ನೂ ದಪ್ಪ ತಂತಿ ಹಾಕುವುದು. 165ರ ತಂತಿ ನಾಲ್ಕು ಮಿ.ಮೀ. ಮೀರುತ್ತದೆ. ಟ್ಯೂನರ್, ನಟ್, ಸ್ಯಾಡಲ್ ಮೂರರಲ್ಲೂ ಅದು ಕೂರುತ್ತದಾ ನೋಡಿ ತಗೊಳ್ಳಿ. ಸ್ಯಾಡಲ್ ಹತ್ತಿರ ತೆಳುವಾಗುವಂತೆ ಸುತ್ತಿದ ತಂತಿ ಸಿಕ್ಕಿದರೆ ಸ್ವರ ಇನ್ನೂ ಸ್ಪಷ್ಟ.

ಪ್ರಶ್ನೆ: ಅಂತೂ ಬೇಸ್ ಕೈಗೆ ಬಂತು ಅಕ್ಕಾ. ಆದರೆ ಶ್ರುತಿ ಮಾಡಿ ಮುಗಿಯುವುದೇ ಇಲ್ಲ. ಎಂಟನೆಯದು ಸರಿ ಮಾಡುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ.

ಉತ್ತರ: ಮೊದಲಿಗೆ ಅಭಿನಂದನೆ! ಇಳಿಯುವುದು ತಂತಿಯ ತಪ್ಪಲ್ಲ. ಒಂದೊಂದು ತಂತಿ ಬಿಗಿದಾಗಲೂ ಕತ್ತು ಕೊಂಚ ಮುಂದೆ ಬಾಗುತ್ತದೆ, ಆಗಲೇ ಬಿಗಿದ ತಂತಿಗಳೆಲ್ಲ ಅಷ್ಟು ಸಡಿಲವಾಗುತ್ತವೆ. ಹಾಗಾಗಿ ಮೊದಲ ಸುತ್ತಿನಲ್ಲಿ ಸರಿಯಾಗಬೇಕು ಅಂತ ಹೋಗಲೇಬೇಡಿ. ನಾಲ್ಕು ದಪ್ಪ ತಂತಿಗಳನ್ನು ಸ್ವರದ ಹತ್ತಿರಕ್ಕೆ ತನ್ನಿ. ಆಮೇಲೆ ನಾಲ್ಕು ತೆಳು ತಂತಿಗಳನ್ನೂ ಹಾಗೇ ತನ್ನಿ. ಹತ್ತು ನಿಮಿಷ ಬಿಡಿ. ಈಗ ಶ್ರುತಿ ತೋರಿಸುವ ಮೀಟರ್ ಇಟ್ಟುಕೊಂಡು ದಪ್ಪ ನಾಲ್ಕನ್ನು ಮಾತ್ರ ಖಚಿತ ಮಾಡಿ.

ತೆಳು ತಂತಿಗೆ ಮೀಟರ್ ಬೇಡ, ಕಿವಿ ಸಾಕು. ದಪ್ಪ ಇ ತಂತಿಯ ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಸುಮ್ನೆ ಮುಟ್ಟಿಸಿ ಹಾರ್ಮೋನಿಕ್ ನುಡಿಸಿ. ಅದು ಸೆಕೆಂಡಿಗೆ 82.4 ಕಂಪನ. ಜೊತೆಗೇ ತೆಳು ಇ ಮೀಟಿ. ಅದು 83.4ರಲ್ಲಿದ್ದರೆ ಸೆಕೆಂಡಿಗೆ ಒಂದು ಸಲ ವಾ… ವಾ… ಅಂತ ಉಬ್ಬಿ ತಗ್ಗುವುದು ಕೇಳುತ್ತದೆ. ಟ್ಯೂನರನ್ನು ಕೂದಲೆಳೆಯಷ್ಟು ಸಡಿಲಿಸಿ, ಸ್ವರಕ್ಕಿಂತ ಸ್ವಲ್ಪ ಕೆಳಗಿನಿಂದ ಮತ್ತೆ ಏರಿಸುತ್ತಾ ಬನ್ನಿ. ಉಬ್ಬು ನಿಧಾನವಾಗುತ್ತದೆ. ಎರಡು ಸೆಕೆಂಡಿಗೆ ಒಂದು, ನಾಲ್ಕಕ್ಕೆ ಒಂದು. ನಾನು ಅಲ್ಲಿಗೇ ಕೈ ಬಿಟ್ಟು ಎ ಜೋಡಿಗೆ ಹೋಗುತ್ತೇನೆ.